ಶಾಂಭವಿಯ ಪಾಲಿಗೆ ಬಂದ ವಾದ

ಶಾಂಭವಿ ದಿನಾ ಕುರೆಕುಪ್ಪದಿಂದ ಬಸ್ಸಿನಲ್ಲಿ ಹೊಸಪೇಟೆಗೆ ಬಂದು ನಮ್ಮ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. ನಾನು ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದೆ. ಅವಳ ಅಣ್ಣ ಸಿದ್ದಲಿಂಗೇಶ್ ಸೈನ್ಯದಲ್ಲಿದ್ದಾನೆ, ಈಗ ಗಡಿಯಲ್ಲೇ ಇದ್ದಾನೆ ಎಂಬುದು ಇಡೀ ಕಾಲೇಜಿಗೆ ಗೊತ್ತಿತ್ತು.

ಟಿವಿ ಹಚ್ಚಿದರೆ ಯುದ್ಧದ್ದೇ ಮಾತು ಕೇಳುತ್ತಿದ್ದ ದಿನಗಳವು. ನಮ್ಮ ಚರ್ಚಾಸ್ಪರ್ಧೆಯ ವಿಷಯವೂ ಅದೇ ಆಯಿತು: ವೈರಿ ದಾಳಿಗೆ ಸಜ್ಜಾಗುತ್ತಿದ್ದಾನೆ ಅನಿಸಿದಾಗ ಅವನಿಗಿಂತ ಮೊದಲೇ ಹೊಡೆಯಲು ದೇಶಕ್ಕೆ ವಿಶ್ವಸಂಸ್ಥೆಯ ಒಪ್ಪಿಗೆ ಬೇಕೆ? ಚೀಟಿ ಎತ್ತಿದಾಗ ಶಾಂಭವಿಗೆ ‘ಬೇಕು’ ಬಂತು. ಕಂಪ್ಲಿಯ ಅಕ್ಕಿ ಗಿರಣಿಯವರ ಮಗ ಬಸವಕುಮಾರನಿಗೆ ‘ಬೇಡ’.

ನನಗೇ ಕಸಿವಿಸಿಯಾಯಿತು. ಮರುದಿನ ಅವಳನ್ನು ಕರೆದು, “ಬದಲಿ ಮಾಡ್ಲೇನಮ್ಮ?” ಎಂದೆ.

“ಬ್ಯಾಡ್ರಿ ಮೇಡಂ. ಅಣ್ಣಗ ಫೋನ್ ಮಾಡಿ ಕೇಳೀನಿ. ‘ಮ್ಯಾಲಿಂದ ಏನ್ ಹೇಳ್ತಾರ ಅದನ್ನ ಮಾಡೋದು ನನ್ನ ಕೆಲಸ, ಚೆಂದ ಮಾತಾಡೋದು ನಿನ್ನ ಕೆಲಸ’ ಅಂದ.”

ಸ್ಪರ್ಧೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಅವಳ ತಾಯಿ ಕೊಟ್ರಮ್ಮ ಕೂತಿದ್ದರು. ಮಗಳು ಯಾವ ಕಡೆ ಮಾತಾಡುತ್ತಾಳೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಬಸವಕುಮಾರ ಮೊದಲು ಮಾತಾಡಿದ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಐದು ದೇಶಗಳಿಗೆ ವಿಟೊ ಅಧಿಕಾರ ಇದೆ. ಅವರಲ್ಲಿ ಒಬ್ಬರು ನಮ್ಮ ವೈರಿಯ ಗೆಳೆಯರಾದರೂ ಸಾಕು, ಒಪ್ಪಿಗೆ ಸಿಗುವುದೇ ಇಲ್ಲ. “ಅವರ ಸಭೆ ಮುಗಿಯುವ ಹೊತ್ತಿಗೆ ನಮ್ಮ ಊರುಗಳು ಉಳಿದಿರಬೇಕಲ್ಲ?” ಎಂದ. ಚಪ್ಪಾಳೆ ನಿಲ್ಲಲೇ ಇಲ್ಲ.

ಶಾಂಭವಿ ಮೈಕಿನ ಮುಂದೆ ನಿಂತಳು. “ವೈರಿ ಹೊಡೆದಾಗ ತಿರುಗಿ ಹೊಡೆಯಲು ಯಾರ ಅಪ್ಪಣೆಯೂ ಬೇಕಿಲ್ಲ, ವಿಶ್ವಸಂಸ್ಥೆಯ ಸನ್ನದೇ ಹಾಗೆ ಹೇಳುತ್ತದೆ. ಆದರೆ ಮುಂದೊಂದು ದಿನ ಹೊಡೆಯಬಹುದು ಎಂಬ ಅನುಮಾನ ಬೇರೆ. ಬರೀ ಅನುಮಾನದ ಮೇಲೆ ನಾವು ಹೊಡೆಯಬಹುದಾದರೆ, ಅದೇ ಅನುಮಾನದ ಮೇಲೆ ಅವರೂ ನಮ್ಮನ್ನು ಹೊಡೆಯಬಹುದು. ಆಗ ತಪ್ಪು ಎನ್ನಲು ನಮಗೆ ಯಾವ ಬಾಯಿ?”

ಹಿಂದಿನಿಂದ ಯಾರೋ ಕೂಗಿದ: “ನಿಮ್ಮಣ್ಣ ಗಡಿಯಾಗ ಅದಾನ, ನೀ ವೈರಿ ಪರ ಮಾತಾಡ್ತಿಯೇನು?”

ಸಭೆಯಲ್ಲಿ ಗದ್ದಲವೆದ್ದಿತು. ಕೊಟ್ರಮ್ಮ ಸೆರಗು ಬಿಗಿಹಿಡಿದು ತಲೆ ತಗ್ಗಿಸಿದರು. ನಾನು ಏಳುವಷ್ಟರಲ್ಲಿ ಬಸವಕುಮಾರನೇ ಎದ್ದು ನಿಂತಿದ್ದ. “ಲೇ, ಕುಂದ್ರು! ಆಕಿಗೆ ಉತ್ತರ ಕೊಡಾಕ ನಾ ಇದೀನಿ.”

ಶಾಂಭವಿ ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. “ಹೌದು, ನಮ್ಮಣ್ಣ ಅಲ್ಲಿದ್ದಾನೆ. ಹೋಗು ಅಂದರೆ ಹೋಗುತ್ತಾನೆ, ಯಾಕೆ ಅಂತ ಕೇಳುವ ಹಾಗಿಲ್ಲ. ಅದಕ್ಕೇ, ಕಳಿಸುವವರನ್ನು ಯಾರಾದರೂ ಕೇಳಲೇಬೇಕು. ಅವರು ಜಗತ್ತಿನ ಮುಂದೆ ಪುರಾವೆ ಇಟ್ಟು ಒಪ್ಪಿಸಿ ಬರಲಿ. ಅದರಿಂದ ದೇಶ ಸಣ್ಣದಾಗುವುದಿಲ್ಲ.”

ಗದ್ದಲ ತಾನಾಗಿ ಅಡಗಿತು. ಆಮೇಲೆ ಇಬ್ಬರಿಗೂ ಮರುಮಾತಿಗೆ ಒಂದೊಂದು ಅವಕಾಶ ಸಿಕ್ಕಿತು.

ತೀರ್ಪುಗಾರರು ಮೊದಲ ಬಹುಮಾನ ಬಸವಕುಮಾರನಿಗೆ ಕೊಟ್ಟರು. ಅದು ಸರಿಯೇ ಇತ್ತು. ಶಾಂಭವಿ ವಿಟೊದ ಮಾತನ್ನು ಮುಟ್ಟದೆ ದಾಟಿದ್ದಳು. ಹೊರಗೆ ಅವನು ಕಪ್ ಹಿಡಿದುಕೊಂಡೇ ಅವಳ ಹತ್ತಿರ ಬಂದ.

“ಅವರೂ ನಮ್ಮನ್ನ ಹೊಡಿಬಹುದು ಅಂದಿಯಲ್ಲ, ಅದಕ್ಕ ನನಗ ಏನೂ ಹೊಳೀಲಿಲ್ಲ. ಜಾರಿಕೊಂಡು ಮುಂದಕ್ಕ ಹೋದೆ.”

“ವಿಟೊ ಅಂದಾಗ ನಾನೂ ಹಂಗ ಮಾಡಿದೆ,” ಎಂದು ಅವಳು ನಕ್ಕಳು. ಇಬ್ಬರೂ ಅಲ್ಲೇ ಮತ್ತೆ ವಾದಕ್ಕೆ ನಿಂತರು, ಈ ಸಲ ಮೆಲ್ಲಗೆ, ಒಬ್ಬರ ಮಾತು ಒಬ್ಬರು ಪೂರ್ತಿ ಕೇಳುತ್ತ.

ಕೊಟ್ರಮ್ಮ ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದರು. ಮನಸ್ಸಿಗೆ ನೋವಾಗಿರಬೇಕೆಂದು ನಾನು ಹತ್ತಿರ ಹೋದೆ.

“ಆಕಿ ಹೇಳಿದ್ದು ನನಗ ಪೂರಾ ಒಪ್ಪಿಗಿ ಇಲ್ರಿ ಮೇಡಂ,” ಎಂದರು. “ಯಾರಾದ್ರೂ ಹೊಡಿತಾರ ಅಂತ ಗೊತ್ತಾದ್ರ ನನ್ನ ಮಗ ಮೊದ್ಲು ಹೊಡೀಲಿ ಅಂತ ನನ್ನ ಕರಳು ಹೇಳತೈತಿ.” ಆಮೇಲೆ ಮಗಳ ಕಡೆ ನೋಡಿದರು. “ಆದ್ರ ಅಷ್ಟು ಮಂದಿ ಕೂಗಿದ್ರೂ ಹಿಂದಕ್ಕ ಸರೀಲಿಲ್ಲ ನೋಡ್ರಿ. ಅಣ್ಣ-ತಂಗಿ ಇಬ್ಬರನ್ನೂ ನಾನ ಹಡದೀನಿ ಅಂತ ಇವತ್ತು ಭಾಳ ಹೆಮ್ಮಿ ಆತು.”