ಹೆಸರಿಲ್ಲದ ಸಾಲು

"ಕನ್ನಡಕ ತೆಗಿ. ಮಲಗುವಾಗ ಅವಳು ಹಾಕ್ಕೊಳ್ತಿರಲಿಲ್ಲ," ಎಂದ ಗಂಡ.

ಸತ್ತ ಅಕ್ಕನ ಕಿವಿಗೆ ಕನ್ನಡಕದ ಕಡ್ಡಿ ಸಿಕ್ಕಿಸುತ್ತಿದ್ದ ತಂಗಿ ಕೈ ತಡೆದಳು. ಹೊರಗೆ ಶವದ ಗಾಡಿ ಬಂದು ನಿಂತಿತ್ತು.

ಅಷ್ಟರಲ್ಲಿ ಆಸ್ಪತ್ರೆಯ ಸಹೋದ್ಯೋಗಿ ಒಳಗೆ ಬಂದಳು. ಸತ್ತವಳೂ ಇವಳೂ ಸೇರಿ ರೋಗಿಗಳ ಡೇಟಾಬೇಸ್ ನೋಡಿಕೊಳ್ಳುತ್ತಿದ್ದವರು. ಅವಳು ಹಾಸಿಗೆ ಹಿಡಿದ ಮೇಲೆ ಆ ಕೆಲಸವೆಲ್ಲ ಇವಳ ತಲೆಗೇ ಬಿದ್ದಿತ್ತು.

"ನಿಮ್ಮನ್ನೇ ಕಾಯ್ತಿದ್ದೆ," ಎಂದ ಗಂಡ. "ನಮ್ಮ ಮಗೂದು ನಿಮ್ಮ ಡೇಟಾಬೇಸಲ್ಲಿ ಒಂದು ಸಾಲು ಇತ್ತಲ್ಲ, ಇದೆ ತಾನೇ? ಒಂದ್ಸಲ ನೋಡ್ಬೇಕು."

"ಯಾವ ಮಗು?"

"ನಮ್ಮದೇ. ಹುಟ್ಟುವಾಗ್ಲೇ ಹೋಯ್ತು, ನಿಮ್ಮ ಆಸ್ಪತ್ರೇಲೇ. ಒಂದು ಫೋಟೋನೂ ಇಲ್ಲ. ಆ ಸಾಲು ಬಿಟ್ರೆ ಏನೂ ಇಲ್ಲ."

ಸಹೋದ್ಯೋಗಿ ಹೆಗಲ ಚೀಲ ಕೆಳಗಿಟ್ಟಳು. "ಹೆಸರಿನ ಜಾಗ ಖಾಲಿ ಇತ್ತಾ?"

"ಖಾಲಿ."

ಅವಳು ಕುರ್ಚಿ ಎಳೆದು ಕೂತಳು. "ಹೆಸರಿಲ್ಲದ ಸಾಲುಗಳನ್ನೆಲ್ಲ ಹೋದ ವಾರ ಅಳಿಸ್ಬಿಟ್ಟೆ. ಅಳಿಸೋಕೆ ಅವಳು ಬರೆದಿಟ್ಟಿದ್ದ ಕಮಾಂಡಲ್ಲಿ ಒಂದು ನಂಬರ್ ಮಾತ್ರ ಬಿಡು ಅಂತಿತ್ತು. ಯಾವಾಗ್ಲೋ ಪರೀಕ್ಷೆಗೆ ಹಾಕಿ ಮರೆತಿರ್ಬೇಕು ಅಂದ್ಕೊಂಡು ಆ ನಂಬರನ್ನೂ ಕಮಾಂಡಿಂದ ತೆಗೆದೆ."

*

ಆಸ್ಪತ್ರೆಯಲ್ಲಿ ಎಲ್ಲರೂ ಅವನ ಹೆಂಡತಿಯನ್ನು ಪೊರಕೆ ಎನ್ನುತ್ತಿದ್ದರು, ಮುಖದ ಮುಂದೆಯೇ. ಮನೆಗೆ ಬಂದರೂ ಕಪ್ಪು ಪರದೆಯ ಮುಂದೆ ಕೂತು, ಮೂರು ಹೆಸರಲ್ಲಿ ಮೂರು ಸಲ ದಾಖಲಾದ ಒಬ್ಬನೇ ರೋಗಿಯನ್ನು ಹುಡುಕಿ ಒಂದು ಮಾಡುತ್ತಿದ್ದಳು. ಕಣ್ಣಾರೆ ನೋಡದೆ ಒಂದು ಸಾಲನ್ನೂ ಅಳಿಸಿದವಳಲ್ಲ. "ಇವತ್ತು ದಾಖಲೇಲಿ ಇಬ್ಬರು ಗಂಡಸರ ಹೆರಿಗೆ ತಪ್ಪಿಸ್ದೆ," ಎನ್ನುತ್ತ ಊಟಕ್ಕೆ ಏಳುತ್ತಿದ್ದಳು.

ಒಂದು ಸಂಜೆ ಅವಳು ನಗಲಿಲ್ಲ. "ಇಲ್ಲಿ ಬನ್ನಿ. ಇವಳು ನಮ್ಮವಳು," ಎಂದಳು.

ಪರದೆಯಲ್ಲಿ ಒಂದು ಸಾಲು. ಹೆಣ್ಣು. ತೂಕ. ತಾಯಿಯ ನಂಬರ್. ಹೆಸರಿನ ಜಾಗದಲ್ಲಿ ಏನೂ ಇರಲಿಲ್ಲ.

"ಏನಂತ ಬರೀಲಿ?"

"ಉಸಿರೇ ಆಡದ ಮಗೂಗೆ ಹೆಸರ್ಯಾಕೆ?" ಎಂದು ಅವನು ಎದ್ದುಹೋದ. ಅಳು ಬಂದುಬಿಡುತ್ತದೆಂದು ಹೋದದ್ದು. ಅದು ಅವಳಿಗೆ ಹೇಗೆ ತಿಳಿಯಬೇಕು? ಅವಳು ಮತ್ತೆ ಕೇಳಲಿಲ್ಲ. ತಾನೊಬ್ಬಳೇ ಹೆಸರಿಡಲೂ ಇಲ್ಲ. ಆ ಸಾಲನ್ನು ಮಾತ್ರ ಮುಟ್ಟದಂತೆ ಅಳಿಸುವ ಕಮಾಂಡಿಗೆ ಅದರ ನಂಬರ್ ಸೇರಿಸಿ ಸುಮ್ಮನಾದಳು.

*

ಒಳಕೋಣೆಯಲ್ಲಿ ಸಹೋದ್ಯೋಗಿ ಸತ್ತವಳ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಅಳಿಸುವ ಮೊದಲಿನ ಬ್ಯಾಕಪ್ ಪ್ರತಿ ತೆರೆದು, ಅದರಿಂದ ಮಗುವಿನ ಸಾಲನ್ನು ಆಸ್ಪತ್ರೆಯ ಡೇಟಾಬೇಸಿಗೆ ಮರಳಿ ಸೇರಿಸುತ್ತಿದ್ದಳು.

"ಭಾವ, ಗಾಡಿಯವರು ಅವಸರ ಮಾಡ್ತಿದಾರೆ," ಎಂದಳು ತಂಗಿ ಬಾಗಿಲಲ್ಲಿ ನಿಂತು.

"ಕಾಯ್ಲಿ."

"ತಾಯಿ ಸಾಲು ಇದ್ರೇನೇ ಮಗೂದು ಕೂರೋದು," ಎಂದಳು ಸಹೋದ್ಯೋಗಿ ಟೈಪ್ ಮಾಡುತ್ತ. "ಇಲ್ಲಾಂದ್ರೆ ಇದು ಒಳಗೇ ಬಿಟ್ಕೊಳ್ಳಲ್ಲ."

"ತಾಯಿ ಇದಾಳಾ?"

ಅವಳ ಕೈ ನಿಂತಿತು. "ಇದಾಳೆ. ಇದರಲ್ಲಿ ಇನ್ನೂ ಇದಾಳೆ."

ಸಾಲು ಬಂತು. ಅವನು ಬಗ್ಗಿ ಮಗಳ ತೂಕವನ್ನು ಎರಡು ಸಲ ಓದಿದ.

"ಹೀಗೇ ಖಾಲಿ ಬಿಟ್ರೆ ನಾಳೆ ನನ್ನಂಥೋಳು ಇನ್ನೊಬ್ಬಳು ಗುಡಿಸಿ ಹಾಕ್ತಾಳೆ," ಎಂದಳು ಸಹೋದ್ಯೋಗಿ ಕಣ್ಣೊರೆಸಿಕೊಂಡು. "ಒಂದು ಹೆಸರು ಹೇಳಿ."

ಅವನು ಅವಳನ್ನು ಏಳಿಸಿ ತಾನೇ ಕೂತು, ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತಿದ. ಇಷ್ಟು ವರ್ಷ ಮನಸ್ಸಿನಲ್ಲೇ ಕರೆಯುತ್ತಿದ್ದ ಹೆಸರು ಅದು. ಹೆಂಡತಿಗೂ ಹೇಳಿರಲಿಲ್ಲ. ಸಹೋದ್ಯೋಗಿ ಎಂಟರ್ ಒತ್ತಲು ಕೈ ಚಾಚಿದಳು.

"ತಡೀರಿ. ಅವಳನ್ನೊಂದು ಮಾತು ಕೇಳ್ಕೊಂಡು ಬರ್ತೀನಿ."

ನಡುಮನೆಯಲ್ಲಿದ್ದವರು ದಾರಿ ಬಿಟ್ಟರು. ಅವನು ಹೆಂಡತಿಯ ಪಕ್ಕ ಮಂಡಿಯೂರಿ, ಕಿವಿಯ ಹತ್ತಿರ ಬಾಗಿ ಏನೋ ಹೇಳಿದ. ಆಮೇಲೆ ಮುಖ ತಿರುಗಿಸಿ, ತನ್ನ ಕಿವಿಯನ್ನು ಅವಳ ತುಟಿಗಳ ಹತ್ತಿರ ತಂದು ಹಾಗೇ ಇದ್ದ.