ಬೇರು ಕಿತ್ತ ಜಾಗ

ಆಸ್ಪತ್ರೆಯವರು ಹೊಲಿಯಲು ಕೊಟ್ಟಿದ್ದ ಬಿಳಿ ಕೋಟುಗಳ ಹೊದಿಕೆ ತೆಗೆದ ದರ್ಜಿ ಹೆಂಗಸು ಒಂದನ್ನೆತ್ತಿ ಬೆಳಕಿಗೆ ಹಿಡಿದಳು. ಕೋಟುಗಳು ಗೋಣಿಚೀಲದ ಬಣ್ಣಕ್ಕೆ ತಿರುಗಿದ್ದವು. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದ್ದಳು, ಬಾಗಿಲ ಸಂದಿಗೆ ಚಿಂದಿ ತುರುಕಿದ್ದಳು. ಆದರೂ ಹೊಲಿಗೆಯ ಎಳೆ ಎಳೆಯಲ್ಲೂ ಧೂಳು ಕೂತಿತ್ತು. ಮಷಿನ್ನಿನ ಚಕ್ರ ತಿರುಗಿಸಿದರೆ ಕರಕರ ಎಂದು ಅಲ್ಲೇ ಕಚ್ಚಿಕೊಂಡಿತು.

ಅವಳಿಗೆ ಅಳು ಬರಲಿಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು.

ಮೊದಲು ಹೀಗಿರಲಿಲ್ಲ. ಅಕ್ಕಪಕ್ಕದಲ್ಲಿದ್ದ ಅವಳ ಗಂಡನ ಮತ್ತು ಅವನ ಅಣ್ಣನ ಮನೆಗಳ ಹಿಂದೆ, ಬಯಲಿನಂಚಿಗೆ, ಅವಳ ಮಾವ ಬೆಳೆಸಿದ ಜಾಲಿ ಮರಗಳ ಉದ್ದನೆಯ ಸಾಲಿತ್ತು. ಬಯಲಿಂದ ನುಗ್ಗಿ ಬರುವ ಗಾಳಿ ಅಲ್ಲಿಗೆ ಬಂದು ಸುಸ್ತಾಗುತ್ತಿತ್ತು. ಮಾವ ತೀರಿಕೊಂಡ ಮೇಲೆ, ಇದ್ದಿಲು ವ್ಯಾಪಾರ ಮಾಡುವ ಭಾವ ಮರ ಕಡಿಯುವವರನ್ನು ಕರೆತಂದ. ಕಡಿದದ್ದು ಸಾಲದೆಂದು ಟ್ರ್ಯಾಕ್ಟರಿಗೆ ಸರಪಳಿ ಬಿಗಿದು ಬೇರುಗಳನ್ನೂ ಎಳೆಸಿದ. “ಬುಡವಾದ್ರೂ ಇರ್ಲಿ ಭಾವ, ಚಿಗುರುತ್ತೆ,” ಎಂದು ಅವಳು ಅಂಗಲಾಚಿದ್ದಕ್ಕೆ, “ಬುಡದ ಇದ್ದಿಲೇ ಹೆಚ್ಚು ಹೊತ್ತು ಉರಿಯೋದಮ್ಮ,” ಎಂದು ನಕ್ಕಿದ್ದ. ಬೇರು ಹಿಡಿದಿಟ್ಟಿದ್ದ ಮಣ್ಣು ಸಡಿಲವಾಯಿತು. ಮಳೆ ಕೈಕೊಟ್ಟಿತು, ಕುರಿಗಳು ಉಳಿದ ಹುಲ್ಲನ್ನೂ ಬೋಳಿಸಿದವು. ಆಮೇಲೆ ಬಯಲೇ ಎದ್ದು ಮನೆಯೊಳಕ್ಕೆ ಬಂತು.

ಅವಳು ನೆಲ ಗುಡಿಸಿದಳು. ಗುಡಿಸಿದ್ದನ್ನು ಹೊರಗೆ ಚೆಲ್ಲಲಿಲ್ಲ. ಬೋಗುಣಿಗೆ ತುಂಬಿ ಸೊಂಟಕ್ಕೇರಿಸಿಕೊಂಡು ಪಕ್ಕದ ಮನೆಗೆ ಹೋದಳು. ಭಾವ ಊಟಕ್ಕೆ ಕೂತಿದ್ದ, ಓರಗಿತ್ತಿ ಬಡಿಸುತ್ತಿದ್ದಳು. ನೆಲ ಬರಿಗಾಲಿಗೆ ತಣ್ಣಗೆ, ನುಣ್ಣಗೆ ತಾಗಿತು. ಕಿಟಕಿಗೆ ಬಿಳಿ ಪರದೆ. ಅದು ಬೆಳ್ಳಗೇ ಇತ್ತು. ಅದನ್ನು ಕಂಡದ್ದೇ, ಅವಳು ಬೋಗುಣಿಯನ್ನು ಭಾವನ ತಟ್ಟೆಯ ಮೇಲೆ ಬೋರಲು ಹಾಕಿದಳು.

“ತಲೆಗಿಲೆ ಕೆಟ್ಟಿದೆಯಾ ನಿಂಗೆ?” ಭಾವ ಕುರ್ಚಿ ತಳ್ಳಿ ಎದ್ದ.

“ನಮ್ಮ ಬಾಯಿಗೆ ಮಣ್ಣು ಹಾಕಿದ್ರಲ್ಲ. ರುಚಿ ನೀವೂ ನೋಡಿ.”

“ಬೀಸೋ ಗಾಳಿಗೆ ನಾನೇನು ಮಾಡ್ಲಿ? ಗಾಳಿ ನನ್ನ ಮಾತು ಕೇಳುತ್ತಾ?”

“ಮಾವನ ಮಾತು ಕೇಳ್ತಿತ್ತು.”

ಗಲಾಟೆ ಕೇಳಿ ಅವಳ ಗಂಡ ಓಡಿ ಬಂದ. ಬಸ್ಸು ಓಡಿಸುವವನು, ಖಾಕಿ ಅಂಗಿಯ ಗುಂಡಿಯನ್ನೂ ಹಾಕಿರಲಿಲ್ಲ. “ನಡಿಯೇ ಮನೆಗೆ. ಎಷ್ಟಾದ್ರೂ ಅಣ್ಣ ಅಲ್ವಾ,” ಎಂದ, ಮೆತ್ತಗೆ.

“ಅಣ್ಣ ಅಂತಾನೇ ಅವತ್ತೂ ತುಟಿ ಪಿಟಕ್ಕೆನ್ನಲಿಲ್ಲ ನೀವು,” ಎಂದು ಅವಳು ಮತ್ತೆ ಭಾವನ ಕಡೆ ತಿರುಗಿದಳು. “ಸಾಲು ಎರಡು ಮನೆಗೂ ಸೇರಿದ್ದು. ನಮ್ಮ ಮನೆ ಹಿಂದಿನ ಮರ ಮಾತ್ರ ಯಾಕೆ ಹೋದವು? ನಿಮ್ಮ ಹಿತ್ತಲಿಂದು ಒಂದು ರೆಂಬೇನೂ ಅಲುಗಿಲ್ಲ.”

ಭಾವ ಮಣ್ಣು ತುಂಬಿದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಸೌಟು ಹಿಡಿದೇ ನಿಂತಿದ್ದ ಓರಗಿತ್ತಿ ಗಂಡನ ಮುಖ ನೋಡಿದಳು. “ಆ ಕಡೆ ಮರಕ್ಕೆ ಹುಳ ಬಿದ್ದಿದೆ, ಅದಕ್ಕೇ ಕಡಿಸ್ತಿದೀನಿ ಅಂದ್ರಲ್ಲ ನೀವು?”

“ಹುಳ ಬಿದ್ದಿದ್ದು ಮರಕ್ಕಲ್ಲ ಅಕ್ಕ,” ಎಂದಳು ದರ್ಜಿ ಹೆಂಗಸು.

ಓರಗಿತ್ತಿ ಸೌಟನ್ನು ಪಾತ್ರೆಗೆ ಬಿಟ್ಟಳು. “ನಿನ್ನ ಮಷಿನ್ ತಂದು ನಮ್ಮ ಹೊರಕೋಣೆಲಿ ಇಡು. ಇಲ್ಲಿ ಧೂಳು ಬರಲ್ಲ.”

“ಅಲ್ಲಿ ನನ್ನ ಗಿರಾಕಿಗಳು ಕೂತ್ಕೋತಾರೆ,” ಎಂದ ಭಾವ.

“ಇನ್ಮೇಲೆ ನಿಂತ್ಕೊಳ್ಳಲಿ.”

ಗಂಡ ಏನಾದರೂ ಅಡ್ಡ ಹಾಕಬಹುದೆಂದು ದರ್ಜಿ ಹೆಂಗಸು ಕಾದಳು. ಅವನು ಅಣ್ಣನ ಮುಖ ನೋಡದೆ ಮನೆಗೆ ಹೋದ. ಕಚ್ಚಿಕೊಂಡಿದ್ದ ಮಷಿನ್ನನ್ನು ಎದೆಗವಚಿ, ಆಮೇಲೆ ಅದರ ಪೆಡಲ್ ಸ್ಟ್ಯಾಂಡನ್ನೂ ಹೊತ್ತು ತಂದು ಹೊರಕೋಣೆಯ ನಡುವೆ ಇಳಿಸಿ, ಬೆವರೊರೆಸಿಕೊಂಡು ಕೆಲಸಕ್ಕೆ ನಡೆದ.

ಅವಳು ಮಷಿನ್ ಬಿಚ್ಚಿ, ಭಾಗಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಕೂಡಿಸಿದಳು. ಕೋಟುಗಳನ್ನು ಓರಗಿತ್ತಿ ಒಗೆದುಕೊಟ್ಟಳು. ಬಿಳುಪು ಪೂರ್ತಿ ಬರಲಿಲ್ಲ, ಆಸ್ಪತ್ರೆಯವರು ಮತ್ತೆ ಕೆಲಸ ಕೊಡಲಿಲ್ಲ. ಮಳೆಗೆ ಮುಂಚೆ ಓರಗಿತ್ತಿಯರಿಬ್ಬರೂ ಸೇರಿ ಬಯಲಿನಂಚಿಗೆ ಒಣ ಮುಳ್ಳಿನ ಬೇಲಿ ಒಡ್ಡಿದರು. ಬೇರು ಕಿತ್ತ ಗುಂಡಿಗಳಲ್ಲಿ ಜಾಲಿ ಸಸಿ ಇಟ್ಟರು. ಮೇಲ್ಮಣ್ಣು ಹಾರಿಹೋಗಿ ತಳದಲ್ಲಿ ಕಲ್ಲಿನಂಥ ಗಟ್ಟಿ ನೆಲ ಉಳಿದಿತ್ತು, ಹಾರೆಯೂ ಇಳಿಯುತ್ತಿರಲಿಲ್ಲ. ಹೆಚ್ಚಿನ ಸಸಿಗಳು ಬಿಸಿಲಿಗೆ ಸುಟ್ಟುಹೋದವು. ಬೆರಳೆಣಿಕೆಯಷ್ಟು ಉಳಿದವು.

ಒಂದು ಬೆಳಿಗ್ಗೆ, ಮಷಿನ್ನಿನ ಸದ್ದಿನ ನಡುವೆ ಚಹಾ ಕುಡಿಯುತ್ತಿದ್ದ ಭಾವ ಗಂಟಲು ಸರಿಮಾಡಿಕೊಂಡು, “ಆಗಿದ್ದು ಆಗಿಹೋಯ್ತು. ಎಷ್ಟು ದಿನ ಅಂತ ಮುಖ ತಿರುಗಿಸ್ತೀಯಮ್ಮ?” ಎಂದ.

“ಆಗಿಹೋಗಿಲ್ಲ ಭಾವ,” ಎಂದಳು ಅವಳು, ತಲೆಯೆತ್ತದೆ. “ನನ್ನ ಮನೇಲಿ ಅದು ದಿನಾ ಆಗ್ತಾನೇ ಇದೆ.”

ಮತ್ತೆ ಪೆಡಲ್ ತುಳಿದಳು.