ಮಾತ್ರೆ ಕೊಡುವ ಹೊತ್ತಿನಲ್ಲಿ

ನಮ್ಮ ಯಜಮಾನರು ಬಸ್ಸುಗಳಲ್ಲಿ ಟಿಕೆಟ್ ಚೆಕಿಂಗ್ ಮಾಡಿ ನಿವೃತ್ತರಾದವರು. ಅನುಮಾನ ಇವರ ಹುಟ್ಟುಗುಣವೋ, ಕೆಲಸ ಕಲಿಸಿದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದರೂ ಕಣ್ಣು ಮಾತ್ರ ಡ್ಯೂಟಿಯಲ್ಲೇ ಇತ್ತು. ವಾರ್ಡಿಗೆ ಹೊಸದಾಗಿ ಬಂದ ಕನ್ನಡಕದ ಹೆಂಗಸನ್ನು ಮೊದಲು ಗಮನಿಸಿದವರೂ ಇವರೇ. ಆಕೆ ಮಾತ್ರೆ ಕೊಡುತ್ತಿರಲಿಲ್ಲ, ಜ್ವರ ನೋಡುತ್ತಿರಲಿಲ್ಲ. ಕಂಬಕ್ಕೊರಗಿ ನರ್ಸುಗಳನ್ನೇ ನೋಡುತ್ತ ನಿಲ್ಲುತ್ತಿದ್ದಳು. ಆಸ್ಪತ್ರೆಯ ಗುಣಮಟ್ಟ ಸುಧಾರಿಸಲು ಬಂದವರಂತೆ ಎಂದು ಆಯಾ ಹೇಳಿದಳು.

“ನಾನೂ ಹಿಂದಿನ ಬಾಗಿಲಲ್ಲಿ ಹತ್ತಿ ಹೀಗೇ ನಿಂತ್ಕೋತಿದ್ದೆ. ಇವಳು ಯಾರನ್ನೋ ಹಿಡಿಯೋಕೇ ಬಂದಿರೋದು,” ಎಂದರು ಇವರು.

ಹಿಡಿದರೆ ಯಾರು ಸಿಕ್ಕಿಬೀಳುತ್ತಾರೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಹಿಂದಿನ ದಿನ ಬೆಳಗಿನ ಪಾಳಿಯ ನರ್ಸ್, ಪಕ್ಕದ ಮಂಚದವರ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಇವರ ಅಂಗೈಗೆ ಹಾಕಿದ್ದಳು. ಇವರು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಓಡಿಬಂದು ಕಿತ್ತುಕೊಂಡಳು. ಯಾವುದೋ ಪರೀಕ್ಷೆಗೆಂದು ಇವರನ್ನು ಖಾಲಿ ಹೊಟ್ಟೆಯಲ್ಲಿ ಇಟ್ಟಿದ್ದರು. ನುಂಗಿದ್ದರೆ ಸಕ್ಕರೆ ಕುಸಿದು ಗತಿ ಏನಾಗುತ್ತಿತ್ತೋ. ಮನೆ ನಡೆಯುವುದೇ ತನ್ನ ಸಂಬಳದಲ್ಲಿ, ಯಾರಿಗೂ ಹೇಳಬೇಡಿ ಎಂದು ಅವಳು ಕೈಮುಗಿದಳು. ಇವರು ಮಾತು ಕೊಟ್ಟರು.

ಕನ್ನಡಕದವಳು ನಮ್ಮ ಹತ್ತಿರವೂ ಬಂದು ಕುಳಿತಳು. ಎಲ್ಲಿಂದ ಶುರು ಮಾಡಬೇಕೆಂದು ತನಗಿನ್ನೂ ತಿಳಿದಿಲ್ಲ, ಎಲ್ಲಾದರೂ ಕೆಲಸ ಎಡವಿದ್ದು ಕಂಡಿದ್ದರೆ ತಿಳಿಸಿ, ಎಡವಿದವರು ಯಾರೆಂಬುದು ಬೇಡ ಎಂದಳು. ಇಲ್ಲಿ ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ನಡೆಯುತ್ತಿದೆ ಎಂದು ಇವರು ಸಾಗಹಾಕಿದರು.

“ನಿಜ ಹೇಳಪ್ಪ, ರಿಪೋರ್ಟ್ ಬರೆಯಲ್ಲ ಅಂತ ನಾನೂ ಕಂಡಕ್ಟರುಗಳಿಗೆ ಹೇಳ್ತಿದ್ದೆ. ಹೇಳಿದ್ಮೇಲೆ ಬರೀತಿದ್ದೆ,” ಎಂದರು ಆಮೇಲೆ, ಹೆಮ್ಮೆಯಿಂದಲೇ. ನನಗೆ ಮೈ ಉರಿಯಿತು.

ಇವರಿಗಾದರೆ ನಾನಿದ್ದೇನೆ. ಪಕ್ಕದ ಮಂಚದವರಿಗೆ ಹಿಂದಿಲ್ಲ, ಮುಂದಿಲ್ಲ. ಮಂಪರಿನಲ್ಲಿ ಕೊಟ್ಟದ್ದನ್ನು ನುಂಗುತ್ತಿದ್ದರು. ನಾಳೆ ಇವರ ಮಾತ್ರೆ ಅವರ ಬಾಯಿಗೆ ಬಿದ್ದರೆ ಕೇಳುವವರು ಯಾರು? ಮಧ್ಯಾಹ್ನ ನಲ್ಲಿಯ ಹತ್ತಿರ ಡಬ್ಬಿ ತೊಳೆಯುವಾಗ ಕನ್ನಡಕದವಳು ಸಿಕ್ಕಳು. ನಡೆದದ್ದನ್ನು ಹೇಳಿಬಿಟ್ಟೆ. ಯಾವ ನರ್ಸ್ ಎಂದು ನಾನು ಹೇಳಲಿಲ್ಲ, ಆಕೆ ಕೇಳಲೂ ಇಲ್ಲ. ಆ ಹೊತ್ತಿನಲ್ಲಿ ಸುತ್ತ ಏನು ನಡೆಯುತ್ತಿತ್ತು ಎಂದಷ್ಟೇ ಕೇಳಿದಳು. ಫೋನು ಬಡಿದುಕೊಳ್ಳುತ್ತಿತ್ತು, ಯಾರದೋ ಮನೆಯವರು ನರ್ಸನ್ನು ಅಡ್ಡಹಾಕಿ ನಿಂತಿದ್ದರು ಎಂದೆ. ಹೆಸರು ಕೇಳದೇ ಹೋದದ್ದೇ ನನ್ನ ಅನುಮಾನಕ್ಕೆ ಎಡೆಮಾಡಿತು. ಬೆಳಗಿನ ಪಾಳಿಗೆ ಇದ್ದವಳೇ ಒಬ್ಬಳು, ಕೇಳುವುದಾದರೂ ಏನಿದೆ?

ಮರುದಿನ ಬೆಳಿಗ್ಗೆ ಆ ನರ್ಸ್ ಕಾಣಲಿಲ್ಲ.

ಯಾರೋ ಚಾಡಿ ಹೇಳಿದ್ದಾರೆ ಎಂದು ಇವರು ಪಕ್ಕದ ಮಂಚದ ಕಡೆ ದುರುಗುಟ್ಟಿ ನೋಡಿದರು. ಪಾಪ, ಆ ಮನುಷ್ಯ ಗೊರಕೆ ಹೊಡೆಯುತ್ತಿದ್ದರು. ಒಂದು ಮನೆಯ ಒಲೆ ಆರಿಸಿಬಿಟ್ಟೆನಲ್ಲ ಎಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಅವಳು ಬಂದಳು, ಮೈಮೇಲೊಂದು ಕೆಂಪು ಏಪ್ರನ್. ಜೊತೆಗೆ ಕನ್ನಡಕದವಳು. ಈ ಏಪ್ರನ್ ಹಾಕಿಕೊಂಡು ಮಾತ್ರೆ ಕೊಡುವವರನ್ನು ಕೊಟ್ಟು ಮುಗಿಸುವ ತನಕ ಡಾಕ್ಟರೂ ಮಾತಾಡಿಸುವಂತಿಲ್ಲ, ಇವತ್ತಿಗೆ ಈ ನಾಲ್ಕು ಮಂಚಗಳಲ್ಲಿ ಮಾತ್ರ ನೋಡೋಣ, ಸರಿಹೋಗದಿದ್ದರೆ ಬೇರೆ ಏನಾದರೂ ಮಾಡೋಣ ಎಂದು ಎಲ್ಲರಿಗೂ ತಿಳಿಸಿದಳು.

“ಕಡಿಯೋ ಮುಂಚೆ ಕುರಿಗೆ ಸೊಪ್ಪು ತಿನ್ನಿಸ್ತಾರೆ,” ಎಂದು ಇವರು ನನ್ನ ಕಿವಿಯಲ್ಲಿ ಹೇಳಿದರು.

ಟ್ರೇ ಹಿಡಿದು ಬಂದ ನರ್ಸ್, ಚೀಟಿಯೊಡನೆ ತಾಳೆ ನೋಡಲು ಇವರ ಹೆಸರು ಕೇಳಿದಳು. ದಿನಾ ಯಜಮಾನ್ರೇ ಎಂದು ನಗಿಸುತ್ತಿದ್ದವಳು ಹೀಗೆ ಕೇಳಿದ್ದಕ್ಕೆ ಇವರಿಗೆ ಅವಮಾನವಾಯಿತು. ಸಿಡುಕಿಕೊಂಡೇ ಹೇಳಿದರು. ಎಲ್ಲರ ಮಾತ್ರೆ ಮುಗಿಸಿ ಏಪ್ರನ್ ಬಿಚ್ಚಿದ ಮೇಲೆ ಅವಳೇ ಬಂದು ನಿಂತಳು. ಬೆಳಗಿನಿಂದ ಮೀಟಿಂಗಿನಲ್ಲಿದ್ದಳಂತೆ. ಹೀಗೊಂದು ನಡೆದಿದೆ ಎಂದು ಕನ್ನಡಕದವಳು ಹೇಳಿದಾಗ, ತಡೆಯಲಾರದೆ ತಾನೇ ಒಪ್ಪಿಕೊಂಡಳಂತೆ. ಯಾರೂ ಬೈಯಲಿಲ್ಲ. ಆ ಫೋನು ಮಾಡಿದ್ದು ತಾನೇ ಎಂದು ದೊಡ್ಡ ಡಾಕ್ಟರು ತಲೆ ತಗ್ಗಿಸಿದರಂತೆ. ನಾಳೆ ಏನು ಹೇಳುತ್ತಾರೋ ನೋಡಬೇಕು ಎಂದು ಸೇರಿಸಿ ಹೋದಳು. ಅವಳಿಗೂ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಇವರು ಕತ್ತು ನನ್ನ ಕಡೆ ತಿರುಗಿಸಿದರು.

“ಮೊದಲು ಹೇಳಿದ್ದು ಯಾರು?”

“ನಾನೇ.”

“ನನಗ್ಯಾಕೆ ಹೇಳ್ಲಿಲ್ಲ?”

“ನಿಮ್ಮ ಹತ್ರ ನಿಜ ಹೇಳಿ ಬಚಾವಾದವರು ಯಾರಿದ್ದಾರೆ?”

ಕೂಗಾಡುತ್ತಾರೆಂದು ಕಾದೆ. ಕೂಗಾಡಲಿಲ್ಲ.

“ಇನ್ನೂ ಏನೇನು ಹೇಳಿಲ್ಲ ನೀನು?” ಎಂದು ಮೆಲ್ಲಗೆ ಕೇಳಿದರು.

ಇಷ್ಟು ವರ್ಷದ ಸಂಸಾರದಲ್ಲಿ ಇವರ ದನಿಯಲ್ಲಿ ಹೆದರಿಕೆ ಕೇಳಿದ್ದು ಅದೇ ಮೊದಲು. ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕುಳಿತೆ.